ಅಜ್ಜಿ ಮಡಿಸಿಟ್ಟ ಪುಟ

“ನನ್ನ ಪುಸ್ತಕಕ್ಕೇನು ಕಾಲು ಬಂತಾ?” ಬ್ರೀಡ್ ಅಜ್ಜಿ ಸೋಫಾದ ದಿಂಬುಗಳನ್ನೆಲ್ಲ ಎತ್ತೆತ್ತಿ ನೋಡಿದಳು.

ಮೊಮ್ಮಗಳು ಓರ್ಲಾ ಒಲೆಯ ಕಡೆ ಕಣ್ಣೆತ್ತಲಿಲ್ಲ. ಪುಸ್ತಕ ಒಲೆ ಪಕ್ಕದ ಬುಟ್ಟಿಯಲ್ಲಿತ್ತು, ಸೌದೆಯಂತೆ ಉರಿಸುವ ಒಣ ಜೌಗುಮಣ್ಣಿನ ಹೆಂಟೆಗಳ ಅಡಿಯಲ್ಲಿ. ಬಚ್ಚಿಟ್ಟ ಕಳ್ಳಿ ಅವಳೇ! ನಿನ್ನೆ ಅದನ್ನು ಓದುತ್ತಾ ಅಜ್ಜಿ ಅತ್ತಿದ್ದಳು. ಅಜ್ಜಿ ಅತ್ತರೆ ಓರ್ಲಾಗೆ ತಡೆಯಲು ಆಗುವುದಿಲ್ಲ.

ಅಮ್ಮನ ಬುಕ್ ಕ್ಲಬ್ಬಿನವರು ಆಗಲೇ ಬಂದು ಕೂತಿದ್ದರು. ಅಜ್ಜಿ ಕ್ಲಬ್ಬಿಗೆ ಸೇರಿದ್ದು ಇದೇ ಮೊದಲು. ಪಕ್ಕದ ಮನೆಯ ಫಿಡೆಲ್ಮಾ ಆಂಟಿ ಸೋಡಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಶುರು ಮಾಡಿದರು.

“ಎಂಥಾ ಕಾದಂಬರಿ ಆರಿಸಿದ್ದೀರಪ್ಪ! ಮುಂದೊಂದು ಕಾಲದಲ್ಲಿ ಹೆಂಗಸರೆಲ್ಲ ಬೀಗದಕೈ ಸರ್ಕಾರಕ್ಕೆ ಒಪ್ಪಿಸಬೇಕಂತೆ. ಮನೇದೂ, ಆಫೀಸಿಂದೂ. ಎಲ್ಲಾದ್ರೂ ಉಂಟಾ?”

ಎಲ್ಲರೂ ನಕ್ಕರು.

“ಉಂಟು,” ಅಂದಳು ಅಜ್ಜಿ. “ಆ ಪುಟ ಮಡಿಸಿಟ್ಟಿದ್ದೆ. ಓದಿ ತೋರಿಸೋಣ ಅಂತಿದ್ದೆ. ಹೋಗ್ಲಿ ಬಿಡಿ, ಪುಸ್ತಕವೇ ಇಲ್ಲ.”

ಅವಳ ಮುಖ ಸಣ್ಣಗಾಯಿತು. ಮೂಲೆಯ ಕುರ್ಚಿಗೆ ಹೋಗಿ ಕೂತಳು.

“ಪಾಪ, ಓದೋಕೇ ಆಗಿಲ್ಲ ಅನ್ಸತ್ತೆ,” ಫಿಡೆಲ್ಮಾ ಆಂಟಿ ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದರು. ಓರ್ಲಾಗೆ ಕೇಳಿಸಿತು. ತುಂಬಾ ಬೇಜಾರಾಯಿತು.

ಅಷ್ಟರಲ್ಲಿ ಅಮ್ಮ ಎದ್ದಳು. “ಬೆಂಕಿ ಆರ್ತಾ ಇದೆ,” ಎಂದು ಬುಟ್ಟಿಯ ಹತ್ತಿರ ಬಗ್ಗಿದಳು.

ಓರ್ಲಾ ಓಡಿಹೋಗಿ ಬುಟ್ಟಿಗೆ ಕೈ ಹಾಕಿದಳು. ಹೆಂಟೆಗಳು ಉರುಳಿ ಕಾರ್ಪೆಟ್ಟೆಲ್ಲ ಮಣ್ಣು. ಪುಸ್ತಕ ಹೊರಗೆ ಬಂತು.

“ನಾನೇ ಬಚ್ಚಿಟ್ಟಿದ್ದು, ಅಜ್ಜಿ. ಅದನ್ನ ಓದಿ ನೀನು ಅಳ್ತಿದ್ದೆಯಲ್ಲ!”

ಅಜ್ಜಿ ಬೈಯಲಿಲ್ಲ.

“ಮದುವೆಗೆ ಮುಂಚೆ ನಾನು ಪೋಸ್ಟಾಫೀಸಲ್ಲಿದ್ದೆ ಕಣೇ. ಬೆಳಿಗ್ಗೆ ಬಾಗಿಲು ತೆಗೀತಿದ್ದವಳು ನಾನೇ. ಮದುವೆಯಾದ ಹೆಂಗಸಿಗೆ ಸರ್ಕಾರಿ ಕೆಲಸ ಇಲ್ಲ ಅಂತ ಆಗ ನಮ್ಮ ಐರ್ಲೆಂಡಲ್ಲಿ ರೂಲ್ಸು. ಮದುವೆ ಹಿಂದಿನ ದಿನ ಬೀಗದಕೈ ವಾಪಸ್ ಕೊಟ್ಟೆ. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನೂ ನಕ್ಕೆ. ಆಗ ಅಳೋಕೆ ಯಾರು ಬಿಟ್ರು?”

ಫಿಡೆಲ್ಮಾ ಆಂಟಿ ಬ್ರೆಡ್ಡನ್ನು ತಟ್ಟೆಗಿಟ್ಟರು. “ನಂಗೆ ಗೊತ್ತೇ ಇರ್ಲಿಲ್ಲ,” ಎಂದರು ಮೆಲ್ಲಗೆ.

ಓರ್ಲಾ ಸ್ವೆಟರಿನ ತೋಳಿನಿಂದ ಪುಸ್ತಕದ ಮಣ್ಣು ಒರೆಸಿದಳು. ಮಡಿಸಿದ ಪುಟ ತೆರೆದು ಅಜ್ಜಿಯ ತೊಡೆಯ ಮೇಲಿಟ್ಟಳು.

“ಓದು ಅಜ್ಜಿ. ಜೋರಾಗಿ ಓದು.”

ಎರಡನೇ ಸಾಲಿಗೇ ಅಜ್ಜಿಯ ದನಿ ನಡುಗಿತು. ಕಣ್ಣು ತುಂಬಿತು.

“ಸಾಕು ಬಿಡಮ್ಮ,” ಎಂದು ಅಮ್ಮ ಪುಸ್ತಕಕ್ಕೆ ಕೈ ಚಾಚಿದಳು.

“ತಗೋಬೇಡ ಅಮ್ಮಾ,” ಅಂದಳು ಓರ್ಲಾ. “ಅಜ್ಜಿ ಅತ್ಕೊಂಡೇ ಓದ್ತಾಳೆ.”

ಆಮೇಲೆ ಕುರ್ಚಿಯ ಕೈ ಮೇಲೆ ಹತ್ತಿ ಕೂತು, ಪುಟ ಮಗುಚದ ಹಾಗೆ ಬೆರಳಿಟ್ಟು ಹಿಡಿದುಕೊಂಡಳು.