ತುಟಿ ಮೇಲಿನ ಹಾಡು

ಮಗ್ಗದ ಶೆಡ್ಡಿನಲ್ಲಿ ಕಿವಿಗೆ ಕೆಲಸವಿಲ್ಲ. ಅಷ್ಟೂ ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳಿಸದು. ಹಾಗಾಗಿ ಅಲ್ಲಿನವರು ಸದ್ದು ಮಾಡದೆ ತುಟಿ ಆಡಿಸುತ್ತಾರೆ, ಎದುರಿನವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಜಗಳ, ಚಾಡಿ, ಸಂಸಾರದ ಗೋಳು ಎಲ್ಲವೂ ಸಾಲಿನಿಂದ ಸಾಲಿಗೆ ಹೀಗೇ ಹರಿದಾಡುತ್ತವೆ.

ನೂಲು ಸುತ್ತುವ ವಿಭಾಗದವರಿಗೆ ಈ ವಿದ್ಯೆ ಬಾರದು, ಅಲ್ಲಿ ಅಷ್ಟು ಗದ್ದಲವಿಲ್ಲ. ಮಗ್ಗ ನಡೆಸುತ್ತ ಪದ ಕಟ್ಟಿ ಹಾಡುವವನೊಬ್ಬನಿದ್ದ, ಎಲ್ಲರಿಗೂ ಅವನು ಹಾಡುಗಾರ. ಅವನು ನಂಬಿ ಕೆಟ್ಟದ್ದು ಇದನ್ನೇ.

ಅವನು ಮೆಚ್ಚಿದ ಹುಡುಗಿ ನೂಲು ಸುತ್ತುವವಳು. ನೂಲಿನ ಉರುಳೆ, ಅಂದರೆ ಬಾಬಿನ್, ತುಂಬಿದ ಬುಟ್ಟಿ ಹೊತ್ತು ಶೆಡ್ಡಿಗೆ ಬರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಬಾಬಿನ್ನೇ. ಅವಳು ಬುಟ್ಟಿ ಇಳಿಸುವಾಗ ಹಾಡುಗಾರ ಮಗ್ಗದ ಆಚೆಯಿಂದ ಓರೆಗಣ್ಣಲ್ಲಿ ನೋಡಿ ತುಟಿ ಆಡಿಸುತ್ತಿದ್ದ.

'ಮೂಗಿನ ತುದೀಲಿ ಹತ್ತಿ ಕೂತಿದೆ. ಏನು ಪುಣ್ಯ ಮಾಡಿತ್ತೋ ಆ ಹತ್ತಿ!'

ಅವಳು ಏನೂ ಅರಿಯದವಳಂತೆ ಖಾಲಿ ಬುಟ್ಟಿ ಎತ್ತಿಕೊಂಡು ಬಾಗಿಲು ದಾಟಿ, ಗೋಡೆಗೆ ಒರಗಿ, ಹೊಟ್ಟೆ ಹಿಡಿದು ನಗುತ್ತಿದ್ದಳು. ಅವಳ ಅಮ್ಮ ಇದೇ ಮಗ್ಗಗಳ ನಡುವೆ ದುಡಿದು ಕಿವಿ ಕಳೆದುಕೊಂಡವಳು. ಮನೆಯಲ್ಲಿ ತಾಯಿ ಮಗಳ ಮಾತೆಲ್ಲ ತುಟಿಯಲ್ಲೇ. ಗುಟ್ಟು ಬಿಟ್ಟುಕೊಟ್ಟರೆ ಅವನು ನಾಚಿ ನಿಲ್ಲಿಸಿಬಿಟ್ಟಾನೆಂದು ಅವಳು ಬಾಯಿ ಬಿಟ್ಟಿರಲಿಲ್ಲ. ಅಷ್ಟು ಆಸೆ ಅವಳಿಗೆ, ಆ ಮಾತುಗಳ ಮೇಲೆ.

ಶೆಡ್ಡಿನಲ್ಲಿ ಬೆಂಕಿ ಬಿದ್ದ ದಿನ ಆ ನಗು ನಿಂತಿತು. ಬಟ್ಟೆ ಕದ್ದು ಸಾಗಿಸುತ್ತಾರೆಂಬ ಅನುಮಾನದಿಂದ ಕಂಪನಿ ಹಿಂಬಾಗಿಲಿಗೆ ಬೀಗ ಜಡಿದಿತ್ತು. ಆ ಕಡೆ ಓಡಿದ ಮಗ್ಗದಾಕೆಯೊಬ್ಬಳು ಹೊಗೆಯಲ್ಲಿ ಬಾಗಿಲು ಬಡಿದಳು, ಹೊರಗೆ ಬರಲೇ ಇಲ್ಲ. ಬೆಂಕಿ ಆರಿತು, ಗೋಡೆಗೆ ಸುಣ್ಣ ಬಳಿದರು, ಬೀಗ ಹಾಗೇ ಉಳಿಯಿತು.

ಹಾಡುಗಾರ ಅಜ್ಜಿಯಿಂದ ಕಲಿತ ಹಳೆಯ ಪದಗಳ ಧಾಟಿಗೆ ಆ ಬಾಗಿಲಿನ ಕಥೆ ಕಟ್ಟಿ ಗೇಟಿನ ಮುಂದೆ ಹಾಡಿದ. ಅವನೊಂದು ಸಾಲು ಹೇಳಿದರೆ ಜನ ಅದನ್ನೇ ತಿರುಗಿ ಹೇಳುವರು. ಆ ವಾರವೇ ಅವನ ಜೊತೆಯ ಡೋಲಿನವನನ್ನು ಯಾರೋ ಜೀಪಿನಲ್ಲಿ ಎತ್ತಿಕೊಂಡು ಹೋದರು. ತಿರುಗಿ ಬಂದಾಗ ಅವನ ಬೆರಳುಗಳಿಗೆಲ್ಲ ಬ್ಯಾಂಡೇಜು. ಅಂದಿನಿಂದ ರಸ್ತೆಯಲ್ಲಿ ಯಾವ ಗಾಡಿ ನಿಂತರೂ ಅದು ಜೀಪೇ ಎಂದು ಬಾಬಿನ್ ತಿರುಗಿ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಬುಟ್ಟಿ ತಂದಾಗ ಅವನ ತುಟಿಯಲ್ಲಿ ತುಂಟತನವಿರಲಿಲ್ಲ.

'ನಾಳೆ ಬೆಳಿಗ್ಗೆ ಗೇಟಲ್ಲಿ ಮತ್ತೆ ಹಾಡ್ತೀನಿ. ವಾಪಸ್ ಬರ್ತೀನೋ ಇಲ್ವೋ. ನಿಂಗೊಂದು ಮಾತು ಹೇಳದೇ ಹೋಗ್ತಿದೀನಲ್ಲ...'

ಬುಟ್ಟಿ ಕೈ ಜಾರಿತು. ಬಾಬಿನ್‌ಗಳು ಮಗ್ಗದ ಕೆಳಗೆಲ್ಲ ಉರುಳಿದವು. ಅವಳು ತುಟಿ ಆಡಿಸಿದಳು.

'ಹೋಗ್ಬೇಡ.'

ಅವನು ಕಂಬದಂತೆ ನಿಂತ. 'ನಿಂಗೆ... ಅರ್ಥ ಆಗತ್ತಾ? ಯಾವಾಗಿಂದ?'

'ಮೂಗಿನ ಮೇಲೆ ಹತ್ತಿ ಕೂತಾಗಿಂದ.'

ಸಾವಿರ ಜನರೆದುರು ಎದೆ ಸೆಟೆಸಿ ಹಾಡುವ ಗಂಡಸು ಕಿವಿಯ ತುದಿವರೆಗೂ ಕೆಂಪಾದ. ಬೇರೆ ದಿನವಾಗಿದ್ದರೆ ಅವಳು ಅದನ್ನು ನೋಡಿ ತಿಂಗಳುಗಟ್ಟಲೆ ಆಡಿಕೊಂಡು ನಗುತ್ತಿದ್ದಳು.

ಸಂಜೆ ಸೈಕಲ್ ಸ್ಟ್ಯಾಂಡಿನಲ್ಲಿ ಅವಳು ಅವನಿಗೆ ಅಡ್ಡ ನಿಂತಳು. ಅವರಿಬ್ಬರೂ ದನಿ ತೆಗೆದು ಮಾತಾಡಿದ್ದು ಅದೇ ಮೊದಲು.

"ಹೆದರಿಕೆ ಆಗಲ್ವಾ ನಿಂಗೆ?"

"ನೋಡು." ಅವನು ಕೈ ಚಾಚಿದ. "ನೀರಿನ ಲೋಟಾನೂ ಹಿಡಿಯಕ್ಕಾಗ್ತಿಲ್ಲ."

"ಮತ್ಯಾಕೆ ಈ ಹಟ? ಬೇರೆ ಯಾರಾದ್ರೂ ಹಾಡ್ಲಿ!"

"ನೀನು ದಿನಾ ಬುಟ್ಟಿ ಹೊತ್ಕೊಂಡು ಅದೇ ಶೆಡ್ಡಿಗೆ ಬರ್ತೀಯ ಕಣೇ. ಆ ಬಾಗಿಲು ನೋಡಿದಾಗೆಲ್ಲ ಆಚೆ ಕಡೆ ನೀನೇ ಬಡೀತಿರೋ ಹಾಗೆ ಅನ್ಸತ್ತೆ."

ಅವಳಿಗೆ ಕೋಪ ಬಂತು, ಅಳುವೂ ಬಂತು. ಎರಡನ್ನೂ ಅವನಿಗೆ ತೋರಿಸಬಾರದೆಂದು ಬಿರಬಿರನೆ ಮನೆಗೆ ನಡೆದಳು.

ಅಮ್ಮ ಅವಳ ಮುಖ ನೋಡಿಯೇ ಒಲೆ ಆರಿಸಿದಳು. ಮಗಳು ಗೋಡೆ ಕಡೆ ತಿರುಗಿ ಗೊಣಗಿದಾಗ ಗದ್ದ ಹಿಡಿದು ತಿರುಗಿಸಿದಳು. 'ಈ ಕಡೆ ನೋಡಿ ಹೇಳು. ನಂಗೆ ಸದ್ದು ಬೇಡ, ತುಟಿ ಬೇಕು.'

ಆ ಮಾತಿಗೆ ಬಾಬಿನ್‌ಗೆ ಥಟ್ಟನೆ ಏನೋ ಹೊಳೆಯಿತು. ಎದ್ದು ಅಮ್ಮನ ಕೆನ್ನೆ ಹಿಡಿದು ಮುತ್ತಿಟ್ಟಳು.

ಬೆಳಿಗ್ಗೆ ಗೇಟಿನ ಮುಂದೆ ಎರಡು ಜೀಪುಗಳಿದ್ದವು. ಒಳಗೆ ಹೋಗದೆ ನಿಂತ ಕೆಲಸಗಾರರಿಗೆ ಪೊಲೀಸ್ ಅಧಿಕಾರಿ ಲಾಠಿ ತೋರಿಸುತ್ತ ಹೇಳಿದ. "ಹಾಡಾಗ್ಲಿ, ಘೋಷಣೆಯಾಗ್ಲಿ, ಒಂದು ಸದ್ದು ಬಂದ್ರೆ ಎಲ್ಲರನ್ನೂ ತುಂಬ್ಕೊಂಡು ಹೋಗ್ತೀನಿ."

ಹಾಡುಗಾರ ಕಟ್ಟೆ ಹತ್ತಿದ. ಅವನು ಉಸಿರೆಳೆದುಕೊಂಡ. ಲಾಠಿಗಳು ಮೇಲೆದ್ದವು. ಮುಂದಿನ ಸಾಲಿನಲ್ಲಿ ಅಮ್ಮನ ಕೈ ಹಿಡಿದು ನಿಂತಿದ್ದ ಬಾಬಿನ್ ಅವನಿಗೆ ಕಾಣುವಂತೆ ತುಟಿ ಆಡಿಸಿದಳು.

'ದನಿ ಬೇಡ. ಮಗ್ಗದ ಮುಂದೆ ಮಾತಾಡಿದ ಹಾಗೆ ಹಾಡು.'

ಅವನ ಕಣ್ಣರಳಿತು. ಸದ್ದಿಲ್ಲದೆ ಮೊದಲ ಸಾಲು ಹಾಡಿದ. ಆಮೇಲೆ ಬೀದಿ ತುಂಬ ನಿಂತಿದ್ದ ಮಗ್ಗದವರ ತುಟಿಗಳೆಲ್ಲ ಒಟ್ಟಿಗೆ ಅದನ್ನು ತಿರುಗಿ ಹೇಳಿದವು. ಅಧಿಕಾರಿ ಕಿವಿಗೆ ಕೈ ಹಚ್ಚಿಕೊಂಡು ಸಾಲುಗಳ ನಡುವೆ ಓಡಾಡಿದ. ಕಾಗೆ ಕೂಗಿದ್ದು ಬಿಟ್ಟರೆ ಬೇರೇನೂ ಇಲ್ಲ. ಬೀಗ, ಹೊಗೆ, ಬಾಗಿಲು ಬಡಿದ ಆ ಕೈ, ಎಲ್ಲವೂ ಅವನ ಮೂಗಿನ ಕೆಳಗೇ ಹಾದುಹೋದವು. ಅಮ್ಮನೂ ಹಾಡುತ್ತಿದ್ದಳು, ಕಣ್ಣಲ್ಲಿ ಧಾರಾಕಾರ ನೀರು.

ಕೊನೆಯ ಸಾಲು ಮುಗಿಯಿತು. ಹಾಡುಗಾರ ಬಾಬಿನ್ ಕಡೆ ನೋಡಿದ. ಇನ್ನು ಹೇಳಲು ಸಮಯ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ, ತಾನು ಎಲ್ಲಿ ನಿಂತಿದ್ದೇನೆಂಬುದನ್ನೇ ಮರೆತ.

'ಬಾಬಿನ್, ನನ್ನ ಮದುವೆ ಆಗ್ತೀಯಾ?'

ಅವನು ಏನು ಹೇಳಿದರೂ ತಿರುಗಿ ಹೇಳಿ ರೂಢಿಯಾದ ಜನ. ಇಡೀ ಬೀದಿ, ಮೀಸೆ ಹಣ್ಣಾದ ಮೇಸ್ತ್ರಿಯೂ ಸೇರಿ, ಗಂಭೀರವಾಗಿ ತುಟಿ ಆಡಿಸಿತು. 'ಬಾಬಿನ್, ನನ್ನ ಮದುವೆ ಆಗ್ತೀಯಾ?'

"ಆಗ್ತೀನಿ!"

ಅವಳಿಗೇ ಗೊತ್ತಿಲ್ಲದೆ ದನಿ ಹೊರಬಿದ್ದಿತ್ತು. ಅಧಿಕಾರಿ ಬೆಚ್ಚಿ ತಿರುಗಿ ನೇರ ಅವಳ ಬಳಿಗೇ ಬಂದ. "ಏನಮ್ಮಾ, ಏನು ಘೋಷಣೆ ಅದು?"

ಅವಳು ಅಮ್ಮನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಮದುವೆಗೆ ಒಪ್ಕೊಂಡೆ ಸಾರ್. ಅದಕ್ಕೂ ಜೀಪು ಹತ್ತಬೇಕಾ?"

ನಗು ಮೊದಲು ಯಾರ ಬಾಯಿಂದ ಹೊರಟಿತೋ ತಿಳಿಯದು. ಕಾನ್‌ಸ್ಟೇಬಲ್‌ಗಳೂ ಮುಖ ತಿರುಗಿಸಿಕೊಂಡರು. ಅಧಿಕಾರಿಯ ಲಾಠಿ ಮೆಲ್ಲನೆ ಕೆಳಗಿಳಿಯಿತು.

ಕೆಲಸಗಾರರು ಕದಲಲಿಲ್ಲ. ಬಿಸಿಲೇರುವವರೆಗೂ ಮಗ್ಗಗಳು ನಿಂತೇ ಇದ್ದವು. ಕೊನೆಗೆ ಮ್ಯಾನೇಜರ್ ಬೀಗದ ಕೈ ಕಳಿಸಿದ. ಹಿಂಬಾಗಿಲು ಕಿರುಗುಟ್ಟುತ್ತ ತೆರೆದುಕೊಂಡದ್ದು ಗೇಟಿನವರೆಗೂ ಕೇಳಿಸಿತು.

ಜೀಪುಗಳು ಮಾತ್ರ ಅಲ್ಲೇ ಇದ್ದವು. ಅವುಗಳ ಪಕ್ಕದಲ್ಲೇ ಹಾದು ಒಳಗೆ ನಡೆಯುವಾಗ ಹಾಡುಗಾರ ಅವಳ ಕೈ ಹಿಡಿದ. ಐಸಿನಂತೆ ತಣ್ಣಗಿತ್ತು ಅವನ ಕೈ. ಅವಳದೂ ಹಾಗೇ ಇತ್ತು.

"ನಾಳೆ ಬಂದು ಹಿಡ್ಕೊಂಡ್ ಹೋದ್ರೆ?" ಅವನು ಪಿಸುಗುಟ್ಟಿದ.

"ಹೋಗೋ ಮುಂಚೆ ನಂಗೆ ಹೇಳು," ಅಂದಳು ಅವಳು. "ದನಿ ತೆಗೆದು ಹೇಳು."