ಮರದಲ್ಲಿ ಮಿಡಿದ ಬಲ್ಬು

ನಾನು ನರ್ಸು, ದೆವ್ವ ಭೂತ ಎಂದರೆ ನಗುವವಳು. ಉದ್ಯಾನದ ಬೆಳಕಿನ ಪ್ರದರ್ಶನಕ್ಕೆ ಯಜಮಾನರನ್ನು ಎಳೆದುಕೊಂಡು ಹೋದವಳೂ ನಾನೇ.

ಅಲ್ಲಿ ಒಂದು ಮರದ ಕೆಳಗೆ ಹಿತ್ತಾಳೆಯ ಹಿಡಿ ಇತ್ತು. ಅದನ್ನು ಹಿಡಿದರೆ ಕೊಂಬೆಯ ಬಲ್ಬು ನಮ್ಮ ನಾಡಿಯಂತೆ ಮಿಡಿಯುತ್ತದೆ, ಬಿಟ್ಟರೆ ಆರುತ್ತದೆ. ಯಜಮಾನರು ಹಿಡಿದರು. ಅವರ ನಾಡಿ ಮದುವೆಯಾದಾಗಿನಿಂದ ಹಾಗೇ, ಮೂರು ಬಡಿದು ಒಂದು ತಪ್ಪುತ್ತದೆ. ಬಲ್ಬೂ ಹಾಗೇ ಮಿಡಿಯಿತು. ಕೈಬಿಟ್ಟ ಮೇಲೂ ಮಿಡಿಯುತ್ತಲೇ ಇತ್ತು.

“ನಿಮ್ಮನ್ನ ಬಿಡೋಕೆ ಅದಕ್ಕೆ ಮನಸ್ಸಿಲ್ಲ ನೋಡಿ,” ಎಂದು ನಕ್ಕು ಅವರ ಕೈ ಹಿಡಿದೆ. ತಣ್ಣಗೆ ಕೊರೆಯುತ್ತಿತ್ತು. ಅಭ್ಯಾಸಬಲದಿಂದ ಬೆರಳು ಮಣಿಕಟ್ಟಿಗೆ ಹೋಯಿತು. ನಾಡಿ ಸಿಗಲಿಲ್ಲ. ಕೊರಳಲ್ಲೂ ಇಲ್ಲ.

“ಏನೇ ಇದು, ಎಲ್ಲರೂ ನೋಡ್ತಿದಾರೆ!” ಎಂದು ಅವರು ನಾಚಿಕೊಂಡರು.

ಮರುದಿನ ಉದ್ಯಾನಕ್ಕೆ ಓಡಿದೆ. ಪ್ರದರ್ಶನ ಮುಗಿದು ಸಾಮಾನೆಲ್ಲ ಲಾರಿ ಏರಿತ್ತು. ಒಂದು ರಟ್ಟಿನ ಪೆಟ್ಟಿಗೆಯ ಸಂದಿಯಲ್ಲಿ ಬೆಳಕು ಮೂರು ಸಲ ಮಿಡಿದು ಒಮ್ಮೆ ತಪ್ಪುತ್ತಿತ್ತು.

“ಆ ಬಲ್ಬು ಕೊಡಪ್ಪಾ,” ಎಂದು ಅಂಗಲಾಚಿದೆ.

“ವೈರೇ ಇಲ್ಲದೆ ಬಲ್ಬು ಉರಿಯುತ್ತೇನಮ್ಮಾ? ಕಣ್ಣು ತೋರಿಸ್ಕೊಳ್ಳಿ. ಮುಂದಿನ ಊರಿನ ಪ್ರದರ್ಶನಕ್ಕೆ ಹೊತ್ತಾಯ್ತು,” ಎಂದು ಡ್ರೈವರ್ ಗಾಡಿ ಹೊರಡಿಸಿದ.

ಯಜಮಾನರು ಈಗಲೂ ಕೆಲಸಕ್ಕೆ ಹೋಗುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಗೊರಕೆ ಹೊಡೆಯುತ್ತಾರೆ. ಆಸ್ಪತ್ರೆಗೆ ಕರೆದರೆ, “ನನಗೇನು ಧಾಡಿ?” ಎನ್ನುತ್ತಾರೆ. ಅವರ ಮಣಿಕಟ್ಟು ಮುಟ್ಟುವುದನ್ನೇ ನಾನು ಬಿಟ್ಟಿದ್ದೇನೆ. ಆದರೆ ಕೆಲವು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಮಾತಿನ ನಡುವೆ ತಟಕ್ಕನೆ ನಿಲ್ಲುತ್ತಾರೆ.

“ಯಾರೋ ನನ್ನ ಕೈ ಹಿಡ್ಕೊಂಡ ಹಾಗಾಯ್ತು ಕಣೇ,” ಎನ್ನುತ್ತಾರೆ.

ನಿನ್ನೆ ತಮ್ಮ ಅಂಗೈಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು: “ಇನ್ನೂ ಬಿಟ್ಟಿಲ್ಲ.”