ಐದನೆಯ ಚರಣ

ಮೊದಲ ಸಲ ಅವನು ಅವಳ ಜೊತೆ ಮಾತಾಡಿದ್ದೇ ಜಗಳಕ್ಕೆಂದು.

ಆ ಕ್ರೈಸ್ತ ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ ಆರ್ಗನ್ ಇದ್ದದ್ದು ಹಿಂಭಾಗದ ಮಹಡಿಯ ಮೇಲೆ. ಕೀರ್ತನೆ ಹಾಡುವ ತಂಡ, ಕಾಯರ್, ನಿಲ್ಲುತ್ತಿದ್ದದ್ದು ಕೆಳಗೆ, ಮುಂಭಾಗದಲ್ಲಿ. ಬಾರಿಸುವವರ ಬೆನ್ನು ಜನರ ಕಡೆಗಿರುವುದರಿಂದ ಆರ್ಗನ್ ಮೇಲೊಂದು ಸಣ್ಣ ಕನ್ನಡಿ ಹಾಕಿದ್ದರು. ಕಾಯರ್ ನಡೆಸುವವನ ಕೈ ಅದರಲ್ಲಿ ಕಾಣಬೇಕು, ಅವಳು ಅದಕ್ಕೆ ಸರಿಯಾಗಿ ಬಾರಿಸಬೇಕು. ಒಂದು ಬುಧವಾರ ಪ್ರಾರ್ಥನೆ ಮುಗಿದದ್ದೇ ತಡ, ಆ ಕೈಯ ಒಡೆಯ ಮೂವತ್ತೊಂದು ಮೆಟ್ಟಿಲು ಹತ್ತಿ ಮೇಲೆ ಬಂದ. ಏದುಸಿರು ಬಿಡುತ್ತಿದ್ದ.

"ನೀವು ನನ್ನ ಕೈಗಿಂತ ಹಿಂದೆ ಬಾರಿಸ್ತಾ ಇದೀರಿ."

ಅವಳು ಬಗ್ಗಿ, ಆರ್ಗನ್ ಪೆಡಲ್ ತುಳಿಯಲು ಹಾಕುವ ಬೂಟಿನ ಲೇಸು ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಮ್ಮ ಕೈ ಆಡಿದ ತಕ್ಷಣವೇ ಬಾರಿಸ್ತೀನಿ. ಇಲ್ಲಿಂದ ಶಬ್ದ ನಿಮ್ಮ ಕಿವಿಗೆ ಬರಬೇಕಲ್ಲ. ನಿಮಗೇ ಬರೋಕೆ ಇಷ್ಟು ಹೊತ್ತು ಹಿಡೀತು, ಅದಕ್ಕೆ ಚೂರಾದ್ರೂ ಬೇಡ್ವಾ?"

ಅವನು ಕೆಳಗಿಳಿದು ಹೋಗಿ, ತಾನು ನಿಲ್ಲುವ ಜಾಗದಲ್ಲಿ ನಿಂತು ಕೈ ಎತ್ತಿದ. ಅವಳು ಒಂದು ಸ್ವರ ಬಾರಿಸಿದಳು. ಇನ್ನೊಂದು ಸಲ ಎತ್ತಿದ, ಇನ್ನೊಂದು ಸಲ ಬಾರಿಸಿದಳು. ಮೂರನೆಯ ಸಲಕ್ಕೆ ಕೆಳಗಿನಿಂದ ಕೂಗಿದ.

"ಸರಿ, ನಿಮ್ಮ ಮಾತೇ ನಿಜ. ನಾನು ಅರ್ಧ ಕಾಯ್ತೀನಿ, ನೀವು ಅರ್ಧ ಮುಂಚೆ ಬನ್ನಿ."

ಖಾಲಿ ಚಾಪೆಲ್‌ನಲ್ಲಿ, ಕಸ ಗುಡಿಸುತ್ತಿದ್ದವರ ಎದುರಿಗೆ ತಪ್ಪು ಒಪ್ಪಿಕೊಂಡ ಗಂಡಸು ಅವಳಿಗೆ ಹಿಡಿಸಿದ. ಆದರೆ ಅದನ್ನು ಆಗಲೇ ತಿಳಿಸುವಷ್ಟು ಅವಳು ಉದಾರಿಯಾಗಿರಲಿಲ್ಲ.

ಅವನನ್ನು ಸಂಗೀತ ವಿಭಾಗದಲ್ಲಿ ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ತಾಳ ತೋರಿಸಲು ಕೈಯಲ್ಲಿ ಹಿಡಿಯುತ್ತಿದ್ದದ್ದೂ ಅದೇ, ಮೈಕಟ್ಟೂ ಅದೇ. ಮೂರನೆಯ ವರ್ಷದವನು, ಕಾಯರ್ ನಡೆಸುವುದನ್ನು ಕಲಿಯುತ್ತಿದ್ದ. ಅವಳು ಕೊನೆಯ ವರ್ಷದ ಆರ್ಗನ್ ವಿದ್ಯಾರ್ಥಿನಿ. ಅವಳ ಅಪ್ಪನಿಗೆ ಫ್ರಿಜ್ ರಿಪೇರಿಯ ಕೆಲಸ. ಮಗಳು ಎರಡು ಕೈ, ಎರಡು ಕಾಲು ಒಟ್ಟಿಗೆ ಆಡಿಸುವ ಡಿಗ್ರಿ ಮಾಡುತ್ತಿದ್ದಾಳೆಂದು ಗಿರಾಕಿಗಳ ಮುಂದೆ ಹೇಳಿಕೊಂಡು ಬೀಗುತ್ತಿದ್ದ.

ಆಮೇಲಿನ ನಾಲ್ಕು ತಿಂಗಳು ಅವರಿಬ್ಬರ ವ್ಯವಹಾರವೆಲ್ಲ ನಡೆದದ್ದು ಆ ಕನ್ನಡಿಯಲ್ಲಿ.

ಕೀರ್ತನೆಯ ಕೊನೆಯ ಸ್ವರವನ್ನು ಅವಳು ಬೇಕೆಂದೇ ಎಳೆಯುತ್ತಿದ್ದಳು. ಅವಳು ಬಿಡುವ ತನಕ ಅವನು ಕೈ ಇಳಿಸುವಂತಿಲ್ಲ. ಅವನು ಒಂದು ಹುಬ್ಬೇರಿಸಿ ಕನ್ನಡಿಯ ಕಡೆ ನೋಡುವನು: ಸಾಕಾ? ಅವಳು ಇನ್ನೊಂದು ಗಳಿಗೆ ಎಳೆಯುವಳು. ಅವನ ತುಟಿಯ ಒಂದು ಮೂಲೆ ಸಡಿಲವಾಗುವುದು. ಆಗ ಬಿಡುವಳು. ಆರುನೂರು ಜನ "ಆಮೆನ್" ಎನ್ನುವರು. ನಡುವೆ ಏನು ನಡೆಯಿತೆಂದು ಒಬ್ಬರಿಗೂ ಸುಳಿವಿರುತ್ತಿರಲಿಲ್ಲ.

ಕೆಳಗೆ ಸಿಕ್ಕಾಗ ಮಾತ್ರ ಇಬ್ಬರೂ ಭಾರೀ ಮರ್ಯಾದಸ್ಥರು.

"ಏನು ಮಹಡಿ ಮೇಡಂ, ಇವತ್ತು ನನ್ನ ಭುಜ ಬಿದ್ದುಹೋಗೋದೊಂದು ಬಾಕಿ."

"ಎಕ್ಸರ್‌ಸೈಜ್ ಆಗ್ಲಿ ಅಂತ ಎಳೆದೆ."

ಕಾಫಿ ಮೆಷಿನ್ ಮುಂದೆ ಇಷ್ಟು ಮಾತಾಡಿ, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹೋಗುತ್ತಿದ್ದರು. 'ನೀವು' ಯಾವಾಗ 'ನೀನು' ಆಯಿತೆಂದು ಕೇಳಿದರೆ ಇಬ್ಬರಿಗೂ ನೆನಪಿರಲಿಲ್ಲ.

ಅವಳಿಗೆ ದೂರದ ಊರಿನ ಶಾಲೆಯೊಂದರಲ್ಲಿ ಸಂಗೀತ ಟೀಚರ್ ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳೇ ಸೇರಬೇಕು. ಆದರೆ ಡಿಗ್ರಿ ಕೈಯಲ್ಲಿರಬೇಕು. ಉಳಿದದ್ದು ಒಂದೇ ಪರೀಕ್ಷೆ. ಬುಧವಾರದ ಪ್ರಾರ್ಥನೆಯಲ್ಲಿ, ನಿಜವಾದ ಜನರ ಮುಂದೆ, ಒಂದು ಕೀರ್ತನೆ ನಡೆಸಿಕೊಡುವುದು. ಅದಕ್ಕೆ ನಾಲ್ಕು ಚರಣ. ಪ್ರತಿ ಚರಣಕ್ಕೂ ಆರ್ಗನ್‌ನ ದನಿ ಬದಲಾಗಬೇಕು, ಜನರಿಗೆ ಉಸಿರೆಳೆಯಲು ಜಾಗ ಸಿಗಬೇಕು, ಚರಣಗಳ ಲೆಕ್ಕ ತಪ್ಪಬಾರದು. ಮೂರನೆಯ ಸಾಲಿನಲ್ಲಿ ಆರ್ಗನ್ ಟೀಚರ್ ಫಾರ್ಮ್ ಹಿಡಿದು ಕೂತಿರುತ್ತಾರೆ. ಆಕೆಗೆ ಹುಡುಗರು ಇಟ್ಟ ಹೆಸರು ಮೆಟ್ರೊನೋಮ್. ತಾಳ ಹಾಕುವ ಆ ಯಂತ್ರದ ಹಾಗೆ, ಹೊಗಳುವುದನ್ನೂ ಬೈಯುವುದನ್ನೂ ಒಂದೇ ವೇಗದಲ್ಲಿ ಮಾಡುವವರು.

ಮೊದಲನೆಯ ಚರಣ ಚೆನ್ನಾಗಿ ಹೋಯಿತು. ಎರಡನೆಯದು ಇನ್ನೂ ಚೆನ್ನಾಗಿ.

ಮೂರನೆಯದರಲ್ಲಿ ಅವಳು ಕನ್ನಡಿ ನೋಡಿದಳು. ಅವನ ಬಿಳಿ ಶರ್ಟಿನ ತೋಳು ಮೊಣಕೈವರೆಗೆ ಮಡಿಚಿತ್ತು. ಎಡಗೈ ಯಾರದೋ ದನಿಯನ್ನು ತಗ್ಗಿಸುತ್ತಿತ್ತು. ಇದು ಟರ್ಮಿನ ಕೊನೆಯ ಬುಧವಾರ ಎಂಬುದು ಅವಳಿಗೆ ಕ್ಯಾಲೆಂಡರಿನಲ್ಲಿ ಗೊತ್ತಿತ್ತು. ಹೊಟ್ಟೆಯೊಳಗೆ ಗೊತ್ತಾದದ್ದು ಆಗ. ಮುಂದಿನ ವಾರ ಈ ಕೈ ಬೇರೆ ಯಾರಿಗೋ ಕಾಣುತ್ತದೆ. ಅವಳಿಗೆ ಅಳು ಬಂದ ಹಾಗಾಯಿತು. ಕೈಕಾಲು ತಮ್ಮ ಪಾಡಿಗೆ ತಾವು ಬಾರಿಸುತ್ತಿದ್ದವು, ಅಷ್ಟು ಅಭ್ಯಾಸ ಇತ್ತು. ಲೆಕ್ಕ ಇಡಬೇಕಾದ ತಲೆ ಮಾತ್ರ ಅಲ್ಲಿರಲಿಲ್ಲ.

ನಾಲ್ಕನೆಯ ಚರಣ ಮುಗಿಯಿತು. ಅದನ್ನು ಮೂರನೆಯದೆಂದುಕೊಂಡು, ಕೊನೆಯ ಚರಣಕ್ಕೆಂದು ಆರ್ಗನ್ನಿನ ಎಲ್ಲ ಕೊಳವೆಗಳನ್ನೂ ತೆರೆದು, ಅವಳು ಇನ್ನೊಂದನ್ನು ಶುರುಮಾಡಿದಳು.

ಕೆಳಗೆ ಆರುನೂರು ಜನ ಪುಸ್ತಕ ನೋಡಿದರು. ಪುಸ್ತಕದಲ್ಲಿ ಪದವೇ ಇಲ್ಲ. ದನಿ ಏಳದಾಗ ಅವಳಿಗೆ ಲೆಕ್ಕ ತಪ್ಪಿದ್ದು ತಿಳಿಯಿತು. ಕನ್ನಡಿಯಲ್ಲಿ ಅವನ ಕೈ ಅರೆಗಳಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಅಂಗೈ ತೆರೆದು ಮೇಲೆತ್ತಿದ. ಕಾಯರ್ ಬಾಯಿ ಮುಚ್ಚಿ, ಪದವಿಲ್ಲದೆ, ಬರೀ ರಾಗವನ್ನು ಗುನುಗತೊಡಗಿತು. ಅವಳು ಆರ್ಗನ್‌ನ ದನಿ ತಗ್ಗಿಸಿದಳು. ಜನರೂ ಗುನುಗಿದರು. ಮುಗಿದಾಗ ಚಾಪೆಲ್‌ನಲ್ಲಿ ಯಾರೂ ಕೆಮ್ಮಲಿಲ್ಲ.

ಮಧ್ಯಾಹ್ನ ಟೀಚರ್ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಎರಡು ಕುರ್ಚಿ, ಒಂದು ಪಿಯಾನೊ, ಮೇಜಿನ ಮೇಲೆ ಫಾರ್ಮ್.

"ಐದನೇ ಚರಣ ಮುಂಚೆನೇ ಗೊತ್ತುಮಾಡ್ಕೊಂಡಿದ್ದು ಅಂತ ಇವನು ಹೇಳ್ತಾನೆ. ಹಾಗಿದ್ರೆ ಬಹಳ ಚೆನ್ನಾಗಿತ್ತು, ಪಾಸ್. ಮರೆತು ಬಾರಿಸಿದ್ದಾದ್ರೆ ಫೇಲ್, ಮುಂದಿನ ಟರ್ಮ್ ಮತ್ತೆ ಬರಬೇಕು. ನೀನೇನಂತೀಯ?"

ಅವಳು ಅವನ ಕಡೆ ನೋಡಿದಳು. ಅವನು ಪಿಯಾನೊದ ಕಾಲನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು.

ಫಾರ್ಮಿನ ಕೊನೆಯಲ್ಲಿ ಒಂದು ಸಾಲಿತ್ತು. ಆ ವಿಶ್ವವಿದ್ಯಾಲಯದ ಎಲ್ಲ ಫಾರ್ಮಿನಲ್ಲೂ ಇರುತ್ತಿತ್ತು: ನಾನು ಹೇಳಿದ್ದೆಲ್ಲ ದೇವರ ಮುಂದೆ ನಿಜ. ಅದರ ಕೆಳಗೆ ಸಹಿ. ನಾಲ್ಕು ವರ್ಷದಲ್ಲಿ ಅವಳು ಓದದೆಯೇ ಸಹಿ ಹಾಕಿದ ಸಾಲು ಅದು. ಹೂಂ ಎಂದರೆ ಕೆಲಸ ಇದೆ, ಬೀಗಲು ಅಪ್ಪನಿಗೊಂದು ಕಾಗದ ಇದೆ. ಉಹೂಂ ಎಂದರೆ ಎರಡೂ ಇಲ್ಲ, ಜೊತೆಗೆ ತನಗಾಗಿ ಸುಳ್ಳು ಹೇಳಿದವನು ಸಿಕ್ಕಿಬೀಳುತ್ತಾನೆ.

ದೇವರಿಗೆ ಹೆದರಿದಳು ಎಂದರೆ ಪೂರ್ತಿ ನಿಜವಲ್ಲ. ಹೂಂ ಎಂದುಬಿಟ್ಟರೆ ಆ ಮೂರನೆಯ ಚರಣದಲ್ಲಿ ಆದದ್ದು ಆಗಲೇ ಇಲ್ಲ ಎಂದಂತಾಗುತ್ತದೆ. ಅದು ಅವಳಿಗೆ ಬೇಡವಾಗಿತ್ತು.

"ಗೊತ್ತುಮಾಡ್ಕೊಂಡಿರಲಿಲ್ಲ ಮೇಡಂ. ನನಗೆ ಲೆಕ್ಕ ತಪ್ಪಿತು."

"ಯಾಕೆ ತಪ್ಪಿತು? ಇಲ್ಲಿ ಕಾರಣ ಅಂತ ಒಂದು ಜಾಗ ಇದೆ, ತುಂಬಿಸಬೇಕು."

"ಕನ್ನಡಿ ನೋಡ್ತಾ ಇದ್ದೆ."

"ಕನ್ನಡಿ ಇರೋದೇ ನೋಡೋಕೆ. ಏನು ನೋಡ್ತಿದ್ದೆ?"

"ಇವನನ್ನ," ಎಂದಳು. "ಇನ್ನು ನೋಡೋಕಾಗಲ್ಲ ಅಂತ ನೋಡ್ತಾ ಇದ್ದೆ."

ಕಡ್ಡಿ ಪಿಯಾನೊದ ಕಾಲಿನಿಂದ ಕಣ್ಣು ಕಿತ್ತ. ಟೀಚರ್ ಫಾರ್ಮನ್ನು ಹತ್ತಿರಕ್ಕೆ ಎಳೆದುಕೊಂಡರು.

"'ಗಮನ ಬೇರೆ ಕಡೆ ಇತ್ತು' ಅಂತ ಬರೀತೀನಿ," ಎಂದು ಬರೆದರು. "ಫೇಲ್." ಅದೇ ವೇಗದಲ್ಲಿ ಅವನ ಕಡೆ ತಿರುಗಿದರು. "ನೀನು ಸುಳ್ಳು ಹೇಳಿದೆ. ಮುಂದಿನ ಟರ್ಮ್ ಪೂರ್ತಿ ಕಾಯರ್ ಮುಂದೆ ನಿಲ್ಲೋ ಹಾಗಿಲ್ಲ. ಸಾಲಲ್ಲಿ ನಿಂತು ಹಾಡು."

"ನನ್ನ ದನಿ ಹೇಗಿದೆ ಅಂತ ನಿಮಗೇ ಗೊತ್ತಲ್ಲ ಮೇಡಂ."

"ಗೊತ್ತು. ಶಿಕ್ಷೆ ನಿನಗೋ ಪಕ್ಕದವರಿಗೋ ಅಂತ ನಾನು ನೋಡೋಕೆ ಹೋಗಲ್ಲ. ಇಬ್ಬರೂ ಹೊರಡಿ."

ಹೊರಗಿನ ಕಾರಿಡಾರಿನಲ್ಲಿ ಸಾಲು ಸಾಲು ಅಭ್ಯಾಸದ ಕೋಣೆಗಳು. ಒಂದರಲ್ಲಿ ಪಿಟೀಲು, ಒಂದರಲ್ಲಿ ಕಹಳೆ, ಇನ್ನೊಂದರಲ್ಲಿ ಯಾರೋ ಒಂದೇ ಸಾಲನ್ನು ತಪ್ಪುತಪ್ಪಾಗಿ ಹಾಡುತ್ತಿದ್ದರು. ಅವಳು ಕಿಟಕಿಯ ಪಕ್ಕ ನಿಂತು ಆ ಶಾಲೆಗೆ ಫೋನ್ ಮಾಡಿದಳು. ಪ್ರಿನ್ಸಿಪಾಲರು ಒಳ್ಳೆಯ ಮಾತಿನಲ್ಲೇ, ಆರು ತಿಂಗಳು ಕಾಯಲಾಗದು, ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ಅವಳು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟು, ಗೋಡೆಯ ಕಡೆ ತಿರುಗಿ ಅತ್ತಳು. ಅಪ್ಪನಿಗೆ ಇನ್ನೂ ಹೇಳಬೇಕಾಗಿತ್ತು. ಕಡ್ಡಿ ಒಂದು ಮಾರು ದೂರದಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಕೈಯನ್ನೇ ನಂಬಿ ಓದುತ್ತಿದ್ದವನ ಪಾಡು ಅದು.

"ಸುಮ್ನೆ ಹೂಂ ಅಂದಿದ್ರೆ ಆಗ್ತಿತ್ತು," ಎಂದ. "ಅದಕ್ಕೇ ಹೇಳಿದ್ದು ನಾನು."

"ಹೂಂ ಅಂದಿದ್ರೆ ನಾನು ಹೊರಟುಹೋಗ್ತಿದ್ದೆ. ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಹೇಳಿದೆಯಾ?"

"ನೀನು ಫೇಲ್ ಆದ್ರೆ ಆರು ತಿಂಗಳು ಇರ್ತೀಯ ಅಂತ ಒಂದು ಗಳಿಗೆ ಖುಷಿಯಾಯ್ತು. ನನ್ನ ಮೇಲೆ ನನಗೇ ಅಸಹ್ಯ ಆಯ್ತು. ಆಮೇಲೆ ನೆಟ್ಟಗೆ ಹೋಗಿ ಸುಳ್ಳು ಹೇಳಿಬಂದೆ." ಅವನು ಒಂದು ಕೈಯನ್ನು ಜೇಬಿಗೆ ಹಾಕಿ ತೆಗೆದ. "ನಿನ್ನನ್ನ ನಿಲ್ಲಿಸಿದವನು ನಾನು ಅಂತ ಆಗಬಾರದಿತ್ತು."

ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು. ಮೂಗು ಕೆಂಪಾಗಿತ್ತು, ನೋಡಲು ಅಷ್ಟೇನೂ ಚೆನ್ನಾಗಿ ಕಾಣುತ್ತಿರಲಿಲ್ಲ. ಅವನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ನೀನು ನಿಲ್ಲಿಸ್ಲಿಲ್ಲ," ಎಂದಳು. "ನಾನೇ ನಿಂತೆ. ನನ್ನ ಪಾಲಿಂದು ಟೀಚರ್ ಮುಂದೆನೇ ಹೇಳಿಯಾಯ್ತು. ಇನ್ನು ನೀನು ಹೇಳ್ಬೇಕು."

"ಆರು ತಿಂಗಳಿದೆಯಲ್ಲ. ನಿಧಾನವಾಗಿ..."

"ಇವತ್ತು ಹೇಳು."

ಪಕ್ಕದ ಕೋಣೆಯಲ್ಲಿ ಕಹಳೆ ಜೋರಾಯಿತು. ಅದು ನಿಲ್ಲಲೆಂದು ಅವನು ಕಾದ. ಅದು ನಿಲ್ಲುವ ಹಾಗೆ ಕಾಣಲಿಲ್ಲ. ಒಂದು ಹೆಜ್ಜೆ ಹತ್ತಿರ ಬಂದು, ಅವಳ ಕಿವಿಯ ಬಳಿ ಬಗ್ಗಿ, ಅವನು ಹೇಳಿದ.